ಇಪ್ಪತ್ತನಾಲ್ಕು ಬಿಲ್ಲೆ

ದಿಬ್ಬೂರಹಳ್ಳಿ ರಸ್ತೆಯ ಶಬ್ಬೀರ್ ಫ್ಯಾನ್ಸಿ ಸ್ಟೋರು ಮುಚ್ಚುವಾಗ
ಅರ್ಧ ರೇಟಿಗೆ ತಂದೆ ಎರಡು ಡಜನ್:
ಹಸಿರು ಕಾಗದ ಸುತ್ತಿದ ಗುಂಡು ಬಿಲ್ಲೆ, ಗಡ್ಡದ ಸೋಪು.
ಜೊತೆಗೆ ಕ್ರೀಮಿನ ಟ್ಯೂಬು ಏಳು, ಪುಕ್ಕಟೆ.
ಸೋಪೇನು ಹಾಲೇ ಒಡೆಯೋಕೆ, ಅಂದ ಶಬ್ಬೀರ್.
ನಾನೂ ಹಾಗೇ ಅಂದುಕೊಂಡೆ.

ಒಡೆಯುತ್ತೆ.
ಟ್ಯೂಬು ಹಿಂಡಿದರೆ ಮೊದಲು ನೀರು,
ಮಗು ಜೊಲ್ಲು ಸುರಿಸಿದ ಹಾಗೆ, ಬಣ್ಣವಿಲ್ಲ;
ಆಮೇಲೆ ರವೆ ರವೆ.
ಎರಡರ ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತು,
ತಗಡನ್ನು ಒಳಗಿಂದಲೇ ತಿಂದಿದೆ.
ಒಂದರ ಬಾಯಿ ಗಾರೆ ಮೆತ್ತಿದ ಹಾಗೆ ಬಿಗಿದು,
ಪಿನ್ನು ಚುಚ್ಚಿದರೆ ಪಕ್ಕದಿಂದ ಹಾರಿತು, ಕನ್ನಡಿಗೆ.

ಬಿಲ್ಲೆಗಳು ಗಟ್ಟಿಗರು.
ಒಂದು ಬೇಸಿಗೆಗೆ ಅಂಚು ಬಿಟ್ಟು ಒಳಕ್ಕೆ ಸರಿದವು,
ಬಟ್ಟಲಲ್ಲಿ ಗಡಗಡ ಅಲ್ಲಾಡಿದವು
ಬೀಳಲಿರುವ ಹಲ್ಲಿನ ಹಾಗೆ.
ಬಿಸಿನೀರು ಒಂದು ಗುಟುಕು ಕುಡಿಸಿ
ಒಂದು ಬೀಡಿ ಮುಗಿಯುವಷ್ಟು ಹೊತ್ತು ಬಿಟ್ಟರೆ
ಮತ್ತೆ ನೊರೆ. ಮೊದಲಿನ ನೊರೆಯಲ್ಲ,
ಕತ್ತಿ ಕಿವಿಯಿಂದ ಗದ್ದಕ್ಕೆ ಇಳಿಯುವಷ್ಟರಲ್ಲಿ
ಪುಸ್ಸಂತ ಕೂತು ಒಣಗುವ ನೊರೆ.
ನಾನು ಕೈ ಚುರುಕು ಮಾಡಿಕೊಂಡೆ.

ಆದರೆ ವಾಸನೆ?
ನಮ್ಮದು ಶಿಡ್ಲಘಟ್ಟ.
ಬೆಳಗಿನ ಐದಕ್ಕೆ ಬಾಣಲೆಯಲ್ಲಿ ಗೂಡು ಬೇಯುತ್ತೆ,
ಸತ್ತ ಹುಳದ ಕಮಟು ಬೀದಿ ಬೀದಿ ಸುತ್ತಿ
ಅನ್ನದ ಮೇಲೆ ಕೂರುತ್ತೆ, ಹಸೆಮಣೆ ಮೇಲೂ ಕೂರುತ್ತೆ.
ಇಲ್ಲಿ ಹುಟ್ಟಿದವರ ಮೂಗು
ಜಗಲಿಯಲ್ಲಿ ತೂಕಡಿಸುವ ಮುದುಕ,
ಬಂದವರನ್ನೆಲ್ಲ ಒಳಗೆ ಬಿಡುತ್ತೆ, ಯಾರು ಅಂತ ಕೇಳಲ್ಲ.

ಕೇಳಿದವನು ಶಿರಾ ಕಡೆಯ ಸರ್ವೆಯರ್ ಚಿತ್ತಯ್ಯ,
ಊರಿಗೆ ಬಂದು ಹದಿನೈದು ದಿನ.
ಬ್ರಷ್ಷು ಮೇಲ್ದುಟಿಗೆ ತಾಗಿದ್ದೇ ತಡ ಮುಖ ಹಿಂದಕ್ಕೆಳೆದ.
"ಏನಪ್ಪಾ ಇದು, ಹೋದ ವರ್ಷದ ಕಡ್ಲೆಕಾಯಿ ಎಣ್ಣೇಲಿ
ಬೋಂಡಾ ಕರಿದ ಹಾಗೆ!"
ಅರ್ಧ ನೊರೆಯಲ್ಲೇ ಎದ್ದು, ಟವೆಲಲ್ಲಿ ಒರೆಸಿಕೊಂಡು,
ದುಡ್ಡು ಮಾತ್ರ ಪೂರ್ತಿ ಇಟ್ಟು ಹೋದ.
ಬೈದಿದ್ದರೆ ವಾಸಿಯಿತ್ತು.

ಉಳಿದ ಒಂಬತ್ತನ್ನೂ ಮನೆಗೊಯ್ದೆ.
ಆಂಜಿನಮ್ಮ ಇಪ್ಪತ್ತು ವರ್ಷ ಬಾಣಲೆ ಮುಂದೆ ಕೂತವಳು,
ಬಿಸಿನೀರು ಅವಳ ಬೆರಳ ಗೆರೆ ಅಳಿಸಿದೆ,
ರೇಷನ್ ಅಂಗಡಿ ಮಿಷನ್ನು ಅವಳನ್ನು ಅವಳೆಂದು ಒಪ್ಪಲ್ಲ.
ಅವಳೂ ಮೂಸಲಿಲ್ಲ. ಬಲ್ಬಿನ ಕೆಳಗೆ ಹಿಡಿದು
ಹೆಬ್ಬೆರಳು ಆಡಿಸಿದಳು, ಎಳೆಯ ತುದಿ ಹುಡುಕುವ ಹಾಗೆ.
"ಇಲ್ಲಿ ಜಿಡ್ಡು. ನೋಡು, ಕೇಸರಿ ಚುಕ್ಕೆ.
ಬೆವರ‍್ತಾ ಐತೆ. ಇದು ಹೋಯ್ತು.
ಇದು ಒಣಗೈತೆ ಅಷ್ಟೇ, ಇರ‍್ಲಿ.
ಇದು ಹೋಯ್ತು. ಇದೂ."

ಆ ಚುಕ್ಕೆ ನಾನೂ ಕಂಡಿದ್ದೆ.
ಪಟದ ಕುಂಕುಮ ಉದುರಿರಬೇಕು ಅಂದುಕೊಂಡು
ಅದನ್ನೇ ಸವರಿದೆ ಎಷ್ಟೋ ಗಲ್ಲಕ್ಕೆ,
ಒಬ್ಬ ಮದುಮಗನಿಗೂ.
ಯಾರೂ ಒಂದು ಮಾತು ಅನ್ನಲಿಲ್ಲ.

ಹೋದವು ಆರು. ಬಿಸಾಡಲು ಕೈ ಬರಲಿಲ್ಲ.
ಹಳೇ ಕತ್ತಿಯಲ್ಲಿ ತೆಳ್ಳಗೆ ಸೀಳಿ
ಪಕ್ಕದ ಟೈಲರ್ ಖಾಸಿಮನಿಗೆ ಕೊಟ್ಟೆ.
ಒಣಗಿದಷ್ಟೂ ಒಳ್ಳೇದು ಅಂದ ಅವನು,
ಸೀಮೆಸುಣ್ಣ ಎಲ್ಲಿ, ಇದರ ಮೊನೆ ಎಲ್ಲಿ.
ಈಗ ಕರಿ ಬಟ್ಟೆಯ ಮೇಲೆ
ನನ್ನ ಸೋಪು ಸೊಂಟ ಬರೆಯುತ್ತೆ, ಮಂಡಿ ಬರೆಯುತ್ತೆ,
ಕತ್ತರಿ ಅದರ ಹಿಂದೆಯೇ ನಡೆಯುತ್ತೆ.

ಮೊನ್ನೆ ಸರ್ವೆಯರ್ ಅಳತೆ ಕೊಟ್ಟು ಹೋದ, ಎರಡು ಪ್ಯಾಂಟಿಗೆ.
ಊರ ಹೊಲಕ್ಕೆಲ್ಲ ಗೆರೆ ಎಳೆಯುವವನ ಕಾಲಿಗೆ
ಖಾಸಿಂ ಗೆರೆ ಎಳೆದ, ನಾನು ನೋಡುತ್ತಾ ನಿಂತಿದ್ದೆ.
ಮೊದಲ ಒಗೆತಕ್ಕೆ ಅವನ ಬಕೇಟಿನಲ್ಲಿ
ಆ ಗೆರೆ ಕರಗುವಾಗ
ಒಂದು ಚಿಟಿಕೆ ನೊರೆ ಎದ್ದೀತು.
ಮೂಸುತ್ತಾನೋ ಏನೋ.