ಸದ್ಭಾವನೆಯಿಂದ

ಜುವಾರಿನಗರದ ಇಳಿಜಾರಿನಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ನಲವತ್ಮೂರು ಪಾಸ್‌ಬುಕ್ಕು ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದುಹೋಗಿವೆ.
ಆದ್ದರಿಂದ ಆ ಕೇಸಿನ ಬಗ್ಗೆ
ನಾನೂ ನಾಲ್ಕು ಮಾತು ಆಡಬಹುದು.

ಮೊದಲು ಬಂದವಳು ನೀಲಗಂಗವ್ವ.
ವಾಸ್ಕೋದ ಜೆಟ್ಟಿಯಲ್ಲಿ ಮೀನು ಕೊಯ್ಯುತ್ತಾಳೆ,
ಪಾಸ್‌ಬುಕ್ಕಿಗೂ ಬಾಂಗಡೆಯ ವಾಸನೆ.
"ಇದರಾಗ ಏನ ಬರದಾರ, ಓದ್ರಿ."
ಓದಿದೆ.
ಐದನೇ ತಾರೀಖು: ಕಂತು ಆರುನೂರಾ ನಲವತ್ತು,
ಖಾತೆಯಲ್ಲಿ ಹಣ ಸಾಲದು, ವಾಪಸು.
ದಂಡ ಇನ್ನೂರಾ ತೊಂಬತ್ತೈದು.
ಏಳನೇ ತಾರೀಖು: ಅದೇ ಕಂತು, ಅದೇ ವಾಪಸು, ಅದೇ ದಂಡ.
ಒಂಬತ್ತು. ಅದೇ.
ಹನ್ನೆರಡಕ್ಕೆ ಕೂಲಿ ಜಮಾ ಆಗಿದೆ,
ಆಗಿದ್ದೇ ತಡ, ಮೂರೂ ದಂಡ ಒಟ್ಟಿಗೆ ಮುರಿದುಕೊಂಡಿದ್ದಾರೆ.

ಅವಳು ಮೂರು ಬೆರಳು ಮಡಚಿ
ಸ್ವಲ್ಪ ಹೊತ್ತು ಹಾಗೇ ನೋಡಿದಳು.
"ಅಂದ್ರ, ಇಲ್ಲ ಅನ್ನೂದನ್ನ
ಮೂರು ಸಲ ಮಾರ‍್ಯಾರ ನನಗ."

ಮುಂದೆ ಹೋಗಪ್ಪಾ ಅಂದರೆ
ಜೋಳಿಗೆಯವನೂ ಮುಂದಿನ ಬಾಗಿಲಿಗೆ ಹೋಗುತ್ತಾನೆ.
ಇದು ಅದೇ ಹೊಸ್ತಿಲಲ್ಲಿ ನಿಂತು
ಬೆಳಗಿನ ಜಾವ ನಾಲ್ಕಕ್ಕೆ ಕೈಚಾಚಿ
ಕೈಚಾಚಿದ್ದಕ್ಕೂ ಕೂಲಿ ಬರೆದಿಟ್ಟುಕೊಳ್ಳುತ್ತದೆ.

ಆಮೇಲೆ ಒಬ್ಬೊಬ್ಬರೇ.
ವಿಮಾನ ನಿಲ್ದಾಣದ ನೆಲ ಒರೆಸುವ ಮಾಬೂಬಿ,
ಸಮವಸ್ತ್ರದಲ್ಲೇ ಬಂದಳು.
ಬಂದರಿನ ಭೀಮಶಿ ರಾತ್ರಿ ಬಾಗಿಲೆಳೆಯುವ ಹೊತ್ತಿಗೆ
ಅಂಗಿಯೊಳಗಿನಿಂದ ಪಾಸ್‌ಬುಕ್ಕು ತೆಗೆದ:
"ಮನ್ಯಾಗ ಹೇಳಬ್ಯಾಡ್ರಿ."
ಬೆಳಿಗ್ಗೆಯೇ ಅವನ ಹೆಂಡತಿ ತನ್ನದನ್ನು ತಂದು
ಇದೇ ಮಾತು ಹೇಳಿ ಹೋಗಿದ್ದಳು.
ನಾನು ಇಬ್ಬರಿಗೂ ಹೇಳಲಿಲ್ಲ.
ಕೇಸಿನ ಪಟ್ಟಿಯಲ್ಲಿ ಗಂಡ ಹದಿನೇಳು, ಹೆಂಡತಿ ಹದಿನೆಂಟು.

ಮಡಗಾಂವಿನ ಗ್ರಾಹಕರ ಆಯೋಗಕ್ಕೆ ಎರಡು ವರ್ಷ
ಹನ್ನೊಂದು ಸಲ ಬಸ್ಸು.
ಪ್ರತಿ ಸಲ ಇನ್ನೊಂದು ಪ್ರತಿ ಬೇಕು:
ಆಯೋಗಕ್ಕೊಂದು, ಬ್ಯಾಂಕಿಗೊಂದು, ವಕೀಲರಿಗೊಂದು.
ಒಮ್ಮೆ ಟೋನರ್ ಮುಗಿದು ಪುಟ ಬೂದಿಯಾಗಿ ಬಂತು,
ಸೊನ್ನೆಗಳೇ ಕಾಣಲಿಲ್ಲ.
ಬ್ಯಾಂಕಿನ ವಕೀಲ ಅದನ್ನೇ ಹಿಡಿದು ಒಂದು ತಾರೀಖು ತಳ್ಳಿದ.
ಆ ತಾರೀಖು ನನ್ನ ಲೆಕ್ಕಕ್ಕೆ.

ಕೊನೆಗೆ ರಾಜಿ.
ಕುಲಾಸೊ ಮೇಡಂ ನನ್ನ ಅಂಗಡಿಯ ಮುಂದೇ ನಿಂತು ಓದಿದರು:
ಬ್ಯಾಂಕು ಯಾವ ತಪ್ಪನ್ನೂ ಒಪ್ಪುವುದಿಲ್ಲ.
ಮೊದಲನೆಯ ದಂಡ ನಿಯಮದ ಪ್ರಕಾರ ಸರಿ.
ಎರಡನೆಯದು, ಮೂರನೆಯದರಲ್ಲಿ ಅರ್ಧ
ಸದ್ಭಾವನೆಯಿಂದ ಹಿಂತಿರುಗಿಸಲಾಗುವುದು.

"ಸದ್ಭಾವನೆ ಅಂದ್ರ?"
ಮೇಡಂ ಕೊಂಕಣಿಯಲ್ಲಿ ಏನೋ ಅಂದರು.
ಕನ್ನಡಕ್ಕೆ ತರಲು ಹೋಗಿ ನಾನು ತೊದಲಿದೆ,
ಒಳ್ಳೆ ಮನಸ್ಸು, ಅಂದೆ.
ನೀಲಗಂಗವ್ವ ಕೈಯೊರೆಸಿಕೊಂಡಳು.
"ಒಳ್ಳೆ ಮನಸಿನ್ಯಾಗೂ ಅರ್ಧ ಮುರಕೊಂಡಾರ."

ಅವಳಿಗೆ ಹನ್ನೊಂದು ತಿಂಗಳ ಲೆಕ್ಕ,
ಮೂರು ಸಾವಿರದ ಇನ್ನೂರಾ ನಲವತ್ತೈದು.
ಮಾಬೂಬಿಯ ಖಾತೆ ಅಷ್ಟರಲ್ಲಿ ನಿಷ್ಕ್ರಿಯ,
ಹೊಸ ಅರ್ಜಿ, ಹೊಸ ಫೋಟೊ, ಮತ್ತೆ ಜೆರಾಕ್ಸ್.
ಒಂದೇ ತಿಂಗಳು ತಪ್ಪಿದ್ದ ಭೀಮಶಿಗೆ
ಇನ್ನೂರಾ ತೊಂಬತ್ತೈದು,
ಸರಿಯಾಗಿ ಒಂದು 'ಇಲ್ಲ'ದ ಬೆಲೆ.
ನನ್ನ ಅಂಗಡಿಗೆ ಅವನು ಕೊಟ್ಟದ್ದು ಅದಕ್ಕಿಂತ ಹೆಚ್ಚು.
ಇದನ್ನೂ ನಾನು ಹೇಳಲಿಲ್ಲ.

ನಿನ್ನೆ ನೀಲಗಂಗವ್ವ ಮತ್ತೆ ಬಂದಳು,
ಜಮಾ ಆದ ಪುಟದ ಒಂದು ಪ್ರತಿ ಬೇಕಂತೆ.
ಯಾರಿಗೆ?
"ಯಾರಿಗಿಲ್ಲ. ಇರಲಿ."
ಹತ್ತರ ನೋಟು ಚಾಚಿದಳು.
ಗಲ್ಲಾ ತಡಕಿ, ಚಿಲ್ಲರೆ ಇಲ್ಲ, ಅಂದೆ.
ಡಬ್ಬ ನೋಡಿ, ಇಲ್ಲ, ಅಂದೆ.
ಅಂಗಿಯ ಜೇಬಿಗೆ ಕೈಹಾಕುವಾಗ
ಅವಳು ಕೈಯೆತ್ತಿ ತಡೆದಳು:
"ಸಾಕು ಬಿಡ್ರಿ.
ಮೂರನೇದ್ದಕ್ಕ ರೊಕ್ಕ ಹತ್ತತೈತಿ."