ಬ್ಯಾಟರಿ ನೂರು

ಫೋನು ಬಿದ್ದದ್ದು ಮೆಣಸು ನೆನೆಹಾಕಿದ ಡ್ರಮ್ಮಿಗೆ,
ಬಿಳಿಮೆಣಸಿಗೆಂದು ನಾದಿನಿ ಏಳು ದಿನದಿಂದ ಕೊಳೆಸುತ್ತಿದ್ದ ನೀರು.
ಎತ್ತಿದಾಗ ಅದಕ್ಕೆ ಕಣ್ಣಿರಲಿಲ್ಲ.
ಸಿಮ್ಮು ಮಾತ್ರ ಬದುಕಿತು. ಒರೆಸಿ
ಉಮ್ಮನ ಬಟನ್ ಫೋನಿಗೆ ಹಾಕಿಕೊಂಡು ಅಂಗಡಿಗೆ ಬಂದೆ.

ಸಿದ್ದಾಪುರ ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗೆ,
ಜೆರಾಕ್ಸ್, ಟೈಪಿಂಗ್, ಪಾಸ್‌ಪೋರ್ಟ್ ಫೋಟೋ.
ಹದಿಮೂರು ವರ್ಷದ ಕಂಪ್ಯೂಟರು, ಫ್ಯಾನು ತಿರುಗಿದರೆ
ಕಾಫಿ ಪಲ್ಪರಿನ ಸದ್ದು.
ಗಿರಾಕಿ ಕೊಟ್ಟ ದುಡ್ಡು ಬಂತೋ ಇಲ್ಲವೋ
ನೋಡುವುದು ಯಾವುದರಲ್ಲಿ?
ಪಕ್ಕದ ರಿಪೇರಿ ಅಂಗಡಿಯ ಶಮ್ಮಾಸ್ ಹೇಳಿದ:
ಇತ್ತಾತ, ಕಂಪ್ಯೂಟರಿನ ಒಳಗೇ ಒಂದು ಫೋನು ಮಾಡಬಹುದು.

ಮಾಡಿದ. ಹತ್ತೊಂಬತ್ತು ಇಂಚಿನ ನಡುವೆ
ಫೋನು ನಿಂತಿತು ನೆಟ್ಟಗೆ,
ಬೇರೆಯವರ ಕೋಟು ತೊಟ್ಟು ಮದುವೆಗೆ ಬಂದವನ ಹಾಗೆ.
ನೆತ್ತಿಯಲ್ಲಿ ಬ್ಯಾಟರಿ: ನೂರು.
ಬೆಳಗ್ಗೆ ನೂರು, ಮಧ್ಯಾಹ್ನವೂ ನೂರು.
ನಾನೆಲ್ಲಿದ್ದೇನೆ ಎಂದರೆ
ಕ್ಯಾಲಿಫೋರ್ನಿಯಾದ ಯಾವುದೋ ಬೀದಿ ಎನ್ನುತ್ತದೆ.
ಹೊರಗೆ ಕುಶಾಲನಗರ ಬಸ್ಸಿನ ಕ್ಲೀನರು
ನೆಲ್ಯಹುದಿಕೇರಿ ನೆಲ್ಯಹುದಿಕೇರಿ ಎಂದು ಕೂಗುತ್ತಿದ್ದಾನೆ.

ವ್ಯಾಲೆಟ್ಟು ಸುಲಭಕ್ಕೆ ತೆರೆಯಲಿಲ್ಲ.
ಬೆರಳಿಡಿ ಎಂದಿತು. ಮೌಸಿನ ಬೆನ್ನಿಗಿಟ್ಟೆ, ಒಪ್ಪಲಿಲ್ಲ.
ಮುಖ ತೋರಿಸಿ ಎಂದಿತು. ಕ್ಯಾಮೆರಾ ಇರುವುದೊಂದೇ,
ಅದು ನೋಡುವುದು ಗಿರಾಕಿಯ ಕುರ್ಚಿಯನ್ನು.
ಹೋಗಿ ಕೂತೆ, ನೀಲಿ ಪರದೆಯ ಮುಂದೆ
ತಲೆವಸ್ತ್ರ ಸರಿಮಾಡಿಕೊಂಡು.
ಕಣ್ಣು ಮಿಟುಕಿಸಿ.
ನನ್ನ ಅಂಗಡಿಯಲ್ಲಿ ನನಗೇ ಹಾಗಂದವರು ಯಾರೂ ಇರಲಿಲ್ಲ.
ಮಿಟುಕಿಸಿದೆ.

ಲೆಕ್ಕವೆಲ್ಲ ಇಳಿದು ಬಂತು, ಮೂರು ವರ್ಷದ್ದು.
ಜೆರಾಕ್ಸಿನ ಆರು, ಪಹಣಿಯ ಮೂವತ್ತು.
ಐದು ಇಂಚಿನಲ್ಲಿ ಅರ್ಧಕ್ಕೆ ತುಂಡಾಗಿ
ಮೂರು ಚುಕ್ಕಿಯಾಗಿದ್ದ ಸಾಲುಗಳು
ಇಲ್ಲಿ ಕಾಲು ಚಾಚಿದವು.

ಪ್ರತಿ ತಿಂಗಳು ಒಂದನೇ ತಾರೀಕು, ಒಂದು ರೂಪಾಯಿ.
ಯಾವುದೋ ಎಂಟರ್‌ಪ್ರೈಸಸ್ ಹೆಸರಲ್ಲಿ ಬರುತ್ತಿತ್ತು,
ಆಮಿಷ ಅಂದುಕೊಂಡು ಮುಟ್ಟಿರಲಿಲ್ಲ.
‘ಲ್ಯಾಮಿ...’ ಎಂದಷ್ಟೇ ಇದ್ದದ್ದು ಈಗ
‘ಲ್ಯಾಮಿನೇಷನ್ ಮಿಷನ್ ಬಾಬ್ತು. ಚೋಂದಮ್ಮ.’

ಈ ಅಂಗಡಿ ಇಬ್ಬರದಾಗಿತ್ತು.
ಹೋಗುವಾಗ ಮಿಷನ್ ಒಯ್ದಳು, ನಾಲ್ಕು ಸಾವಿರ ಬಾಕಿ.
ನಾನು ಕೇಳಿದ್ದು ಬಸ್ ನಿಲ್ದಾಣದಲ್ಲಿ, ಜನರೆದುರು,
ಕೇಳಬಾರದ ದನಿಯಲ್ಲಿ.
ತಿಂಗಳಿಗೊಂದು ರೂಪಾಯಿಯಂತೆ ತೀರಲು
ಮುನ್ನೂರ ಮೂವತ್ತಮೂರು ವರ್ಷ, ಮೇಲೆ ನಾಲ್ಕು ತಿಂಗಳು.
ಹಟವೋ ತಮಾಷೆಯೋ,
ಅವಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತಿದ್ದವು.

‘ಬಾಬ್ತು. ಉಮ್ಮ ಹೇಗಿದ್ದಾರೆ.’
‘ಬಾಬ್ತು. ಈ ಸಲ ಹೂಮಳೆ ಬೇಗ.’
‘ಬಾಬ್ತು.’
‘ಬಾಬ್ತು. ಸುಹರಾ, ಓದುತ್ತೀಯೋ ಇಲ್ಲವೋ.’

ನಾನೂ ಒಂದು ರೂಪಾಯಿ ತುಂಬಿದೆ.
ಊರಿನ ಅರ್ಜಿಯೆಲ್ಲ ಬಡಿದ ಬೆರಳು, ತಾನಾಗಿಯೇ
‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’
ಎಂದು ಶುರು ಮಾಡಿತು. ಅಳಿಸಿದೆ.
‘ಓದಿದೆ’ ಎಂದು ಬರೆದೆ.
ಅಪರಿಚಿತ ಸಾಧನ, ಅಪರಿಚಿತ ಸ್ಥಳ,
ಒಟಿಪಿ ಕಳಿಸಿದ್ದೇವೆ ಎಂದಿತು.

ಅಷ್ಟರಲ್ಲಿ ಕರೆಂಟು ಹೋಯಿತು.
ಸೆಸ್ಕ್‌ನವರು ಲೈನಿನ ಮೇಲಿನ ಕೊಂಬೆ ಕಡಿಯುವ ಮಂಗಳವಾರ.
ಯುಪಿಎಸ್ಸು ಕೀರಲು ದನಿಯಲ್ಲಿ ಎಣಿಸತೊಡಗಿತು.
ನೂರು, ನೂರು ಎನ್ನುತ್ತಲೇ
ಒಳಗಿನ ಫೋನು ಕತ್ತಲಾಯಿತು.

ಆಗ ಮೇಜಿನ ಮೇಲೆ ಉಮ್ಮನ ಡಬ್ಬಾ ಫೋನು ಗುಂಯ್ ಎಂದಿತು.
ಆರು ಅಂಕಿ. ಹತ್ತು ನಿಮಿಷ ಮಾತ್ರ ಚಾಲ್ತಿ.
ಯಾರೊಂದಿಗೂ ಹಂಚಿಕೊಳ್ಳಬೇಡಿ.

ಚೋಂದಮ್ಮನ ಅಂಗಡಿ ಮಾರ್ಕೆಟ್ಟು ದಾಟಿ
ಕರಡಿಗೋಡು ರಸ್ತೆಯ ತಿರುವಿನಲ್ಲಿ.
ಬೇಗ ನಡೆದರೆ ಎಂಟು ನಿಮಿಷ.
ಶಟರು ಅರ್ಧ ಎಳೆದು ಹೊರಟೆ,
ನಾಲ್ಕು ಒಂದು ಏಳು, ಏಳು ಸೊನ್ನೆ ಎರಡು,
ಮರೆಯದ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತ.