ಎಪ್ಪತ್ಮೂರು ಗ್ರಾಂ

ಕರ್ವೆ ರಸ್ತೆ, ಎರಡನೇ ಮಹಡಿ. ಅಂಗಡಿಯ ಹುಡುಗ ಸುಮೇಧ
ನನ್ನ ಅಂಗೈಯಲ್ಲಿಟ್ಟ ಒಲೆ
ಕಾಲು ಮಡಚಿದ ಜೇಡದಷ್ಟಿದೆ.
‘ಬರೀ ಎಪ್ಪತ್ಮೂರು ಗ್ರಾಂ, ಮಾವಶೀ’
ಎಂದು ತಕ್ಕಡಿಯ ಮೇಲೂ ಇಟ್ಟು ತೋರಿಸಿದ.
ತಕ್ಕಡಿ ಎಪ್ಪತ್ತಾರು ಎಂದಿತು.
ಇಬ್ಬರೂ ನೋಡದವರಂತೆ ಸುಮ್ಮನಾದೆವು.

ಐವತ್ತೆಂಟರ ಮೊಣಕಾಲಿಗೆ ಮೂರು ಗ್ರಾಮಿನ ಸುಳ್ಳೂ
ಕಬ್ಬಿಣದ ಏಣಿಯ ಕೊನೇ ಮೆಟ್ಟಿಲಲ್ಲಿ ತಿಳಿಯುತ್ತದೆ.
ಬ್ರಷ್ಷಿನ ಹಿಡಿ ಕತ್ತರಿಸಿದ್ದೇನೆ,
ಅಕ್ಕಿಯನ್ನು ಮುಷ್ಟಿಯಲ್ಲಲ್ಲ, ಚಮಚೆಯಲ್ಲಿ ಅಳೆದಿದ್ದೇನೆ.
ಮೃಣ್ಮಯಿಯಂತೂ ನಕಾಶೆಯ ಅಂಚು ಕತ್ತರಿಸಲು ಹೋಗಿ
ಹೋದ ತಿಂಗಳು ಒಂದು ಹಳ್ಳಿಯನ್ನೇ ಕಳೆದುಕೊಂಡಳು.

ಇನ್ನೊಂದು ತೆಗೆದ. ಸೋಡಾ ಡಬ್ಬಿ ಕೊರೆದು ಮಾಡಿದ್ದು,
ಸ್ಪಿರಿಟ್ ಹಾಕಿದರೆ ಸಾಕು. ಹದಿನೆಂಟು ಗ್ರಾಂ.
‘ಆದರೆ ಹಗಲಲ್ಲಿ ಇದರ ಉರಿ ಕಾಣುವುದಿಲ್ಲ,
ಸೆರಗು ಜೋಪಾನ’ ಎಂದು ನಕ್ಕ. ನಾನು ಪ್ಯಾಂಟು ತೊಟ್ಟಿದ್ದೆ.
ಕಾಣದ ಉರಿ ಬೇಡ ಮಗಾ, ಒಳಗಿಡು.

ಬೋಹ್ರಿ ಆಳಿಯ ಓಣಿಬಾಯಲ್ಲಿ ನಾಲ್ಕಡಿ ಹಲಗೆಯ ಮೇಲೆ
ಇಂಡಿ ಕಡೆಯಿಂದ ಬಂದ ನನ್ನಪ್ಪ ಚನಮಲ್ಲಪ್ಪ
ಮೂವತ್ತು ವರ್ಷ ಪಂಪ್ ಸ್ಟೋವುಗಳಿಗೆ ಕಿವಿಗೊಟ್ಟು ಕೂತಿದ್ದ.
‘ಕೆಮ್ಮಿದರ ವಾಯಸರ, ಅತ್ತರ ಪಿನ್ನು,
ಸುಮ್ಮನಾದರ ಎಣ್ಣಿ ತೀರೈತಿ, ಇಷ್ಟ ವಿದ್ಯಾ’ ಅಂತಿದ್ದ.

ಎಂಬತ್ಮೂರರಲ್ಲಿ ಒಬ್ಬ ಹವಾಲ್ದಾರ
ಗೋಣಿತಟ್ಟಿನಲ್ಲಿ ಸುತ್ತಿ ಒಂದು ಸ್ಟೋವ್ ತಂದ.
ಹಿಡಿಗೆ ಚೀಟಿ ಕಟ್ಟಿತ್ತು. ಶಾಲನ, ಇಪ್ಪತ್ತೊಂದು ವರ್ಷ.
ಕಾಗದದಲ್ಲಿ ಆಗಲೇ ಬರೆದಾಗಿತ್ತು: ಸ್ಟೋವ್ ಸಿಡಿದು.
ಆ ವರ್ಷಗಳಲ್ಲಿ ಪೇಟೆ ಪೇಟೆಗಳಲ್ಲಿ ಸಿಡಿದವು ಸ್ಟೋವುಗಳು,
ಸೊಸೆಯ ಕೈಯನ್ನೇ ಹುಡುಕಿಕೊಂಡು.

ಅಪ್ಪ ತಿರುಗಿಸಿ ನೋಡಿದ. ಹಿತ್ತಾಳೆಯ ಹೊಟ್ಟೆಯಲ್ಲಿ
ಒಂದು ತಗ್ಗಿಲ್ಲ, ಒಂದು ಬಿರುಕಿಲ್ಲ.
ಎಣ್ಣೆ ಸುರಿದ. ಹನ್ನೊಂದು ಸಲ ಪಂಪು ಹೊಡೆದ.
ಭರ್ರೆಂದು ನೀಲಿ ಎದ್ದು ನಿಂತಿತು,
ಶಾಲೆಯಲ್ಲಿ ಹೆಸರು ಕರೆದಾಗ ಎದ್ದು ನಿಲ್ಲುವ ಹುಡುಗಿಯಂತೆ.
ಅದರ ಮೇಲೇ ಚಹಾ ಕಾಸಿ
ಹವಾಲ್ದಾರನಿಗೆ ಕೊಟ್ಟ.
‘ಈ ಒಲಿ ಸಿಡದಿಲ್ಲ ಸಾಹೇಬ್ರ, ಬರಕೋರಿ.’

ಹವಾಲ್ದಾರ ಚಹಾ ಕುಡಿದ.
ಬರೆದುಕೊಳ್ಳಲಿಲ್ಲ.
ನಾನು ಕಪ್ಪು ತೊಳೆದೆ.

‘ಹಚ್ಚಿ ತೋರಿಸು’ ಅಂದೆ ಸುಮೇಧನಿಗೆ.
ಅಂಗಡಿಯೊಳಗೆ ಹಚ್ಚುವ ಹಾಗಿಲ್ಲವಂತೆ.
ಸರಿ, ಹೊರಗೆ ನಡೆ. ಮೆಟ್ಟಿಲ ಕಟ್ಟೆಯ ಮೇಲೆ
ಒಂದೊಂದಾಗಿ ಮೂರು ಒಲೆ ಹಚ್ಚಿಸಿ
ಮೊಣಕಾಲೂರಿ ಕಿವಿಗೊಟ್ಟೆ. ಕೆಳಗೆ ಸಿಗ್ನಲ್ಲಿನ ಹಾರ್ನುಗಳು.
ಜೇಡದಂಥದು ಸಣ್ಣಗೆ ಅಳುತ್ತಿತ್ತು.
ಅಗಲ ಕಾಲಿನದು, ನೂರ ಹನ್ನೆರಡು ಗ್ರಾಮಿನದು,
ಒಂದೇ ಉಸಿರಲ್ಲಿ ಓದುವವರ ಹಾಗೆ ಉರಿಯಿತು.
‘ಭಾರವಾಯಿತಲ್ಲ ಮಾವಶೀ’ ಎಂದ.
ಆಗಲಿ. ಇನ್ನೊಂದು ಸಾಕ್ಸ್ ಬಿಟ್ಟು ಹೋಗುತ್ತೇನೆ.

ರಾಯರೇಶ್ವರದ ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು
ನಾನೂ ಮೃಣ್ಮಯಿಯೂ ಗೋಡೆಯಾಗಿ ಕೂತೆವು, ನಡುವೆ ಒಲೆ.
ಹುಲ್ಲಿನ ಹೊರೆ ಹೊತ್ತು ಬಂದ ಮುದುಕಿಯೊಬ್ಬಳು
ಹೊರೆ ಇಳಿಸದೆಯೇ ಬಗ್ಗಿ ನೋಡಿದಳು.
ಅವಳ ಹೊರೆಯನ್ನು ಯಾರೂ ತೂಗಿರಲಿಕ್ಕಿಲ್ಲ.
‘ಇಷ್ಟೇ ಇಷ್ಟು ಒಲೆ! ಒಬ್ಬರಿಗೇನು?’ ಎಂದಳು.
ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು,
ತಗ್ಗಿದ ದನಿಯಲ್ಲಿ,
‘ಸಿಡಿಯುವುದಿಲ್ಲ ತಾನೇ ಬಾಯೀ?’

ನಾನು ಏನೂ ಹೇಳಲಿಲ್ಲ.
ಪಾತ್ರೆಯ ಮುಚ್ಚಳ ಒರೆಸಿ ಅದಕ್ಕೆ ಚಹಾ ಬಗ್ಗಿಸಿ
ಎರಡೂ ಕೈಯಲ್ಲಿ ಕೊಟ್ಟೆ.
ಮೂವರಿಗೆ ಸಾಲಲಿಲ್ಲ.
ಮತ್ತೆ ನೀರಿಟ್ಟು ಹಚ್ಚಿದೆ. ಈ ಸಲ ಅವಳು
ಹೊರೆ ಇಳಿಸಿ, ಹತ್ತಿರ ಬಂದು ಕೂತಳು.